ಜ್ವರ ಮುಚ್ಚಿಟ್ಟ ರವಿವಾರ

ಎರಡನೇ ಸಲ ಕೊರೊನಾ ಬಂದ ಬೇಸಿಗೆಯಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಎರಡು ಬಗೆಯ ಹೆದರಿಕೆ ಇತ್ತು. ಒಂದು, ಜಡ್ಡಿನ ಹೆದರಿಕೆ. ಇನ್ನೊಂದು, ಜಡ್ಡು ಬಂದದ್ದು ನಾಲ್ಕು ಮಂದಿಗೆ ಗೊತ್ತಾದೀತು ಎಂಬ ಹೆದರಿಕೆ. ಎರಡನೆಯದೇ ದೊಡ್ಡದಾಗಿತ್ತು. ಕೆಮ್ಮು ಬಂದರೆ ಬಾಯಿಗೆ ಸೆರಗು ಒತ್ತಿ ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಮೈ ಕೆಂಡದಂತೆ ಸುಡುತ್ತಿದ್ದರೂ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ "ಎಲ್ಲಾರೂ ಆರಾಮ ಅದೇವ್ರಿ" ಎಂದು ಹೇಳಿ ಕಳಿಸುತ್ತಿದ್ದರು.

ಗುತ್ತೆವ್ವನದು ಹಾನಗಲ್ ತಾಲೂಕಿನಲ್ಲಿ ಆಡೂರಿನಾಚೆಯ ಒಂದು ಸಣ್ಣ ಊರು. ಊರಿನ ಕೊನೆಯ ಓಣಿಯಲ್ಲಿ ಕ್ರೈಸ್ತರ ಮನೆಗಳು, ಓಣಿಯ ತುದಿಗೆ ಹೆಂಚಿನ ಸಣ್ಣ ದೇವಾಲಯ. ಅದರ ಗೋಡೆ ಕಟ್ಟಿದವನು ಗುತ್ತೆವ್ವನ ಗಂಡ, ಗೌಂಡಿ ಚೌಡಪ್ಪ. ಪ್ರತಿ ರವಿವಾರ ಫಾದರ್ ಮೋಟರ್ ಸೈಕಲ್ಲಿನ ಮೇಲೆ ಬಂದು ಬಲಿಪೂಜೆ ಅರ್ಪಿಸಿ ಹೋಗುತ್ತಿದ್ದರು. ಶನಿವಾರವೇ ನೆಲ ಒರೆಸಿ, ಪೀಠಕ್ಕೆ ಒಗೆದ ಬಟ್ಟೆ ಹಾಸಿ, ಹೂವು ಇಡುವುದು ಗುತ್ತೆವ್ವನ ಕೆಲಸ. ಯಾರೂ ಅವಳಿಗೆ ವಹಿಸಿದ್ದಲ್ಲ. ಸೊಸೆಯಾಗಿ ಆ ಊರಿಗೆ ಬಂದ ವರ್ಷ ಕಸಬರಿಗೆ ಹಿಡಿದಳು, ಆಮೇಲೆ ಬಿಡಲಿಲ್ಲ. ಜಪಸರ ಹೇಳಿಸುವುದೂ ಅವಳೇ. ಓಣಿಯ ಹೆಣ್ಣುಮಕ್ಕಳಿಗೆಲ್ಲ ಅವಳ ಮಾತೆಂದರೆ ಮಾತು.

ಆ ಸಲ ಗುಡಿ, ಮಸೂತಿ, ಚರ್ಚು ಎಲ್ಲಕ್ಕೂ ಕೀಲಿ ಬಿತ್ತು. "ರವಿವಾರದ ಪೂಜೆ ಫೋನಿನಲ್ಲಿ ಬರುತ್ತದೆ, ಮನೆಯಲ್ಲೇ ಕುಳಿತು ಭಾಗವಹಿಸಿ" ಎಂದು ಫಾದರ್ ಹೇಳಿ ಕಳಿಸಿದರು. ಸೊಸೆ ವಿದ್ಯಾಶ್ರೀ ತನ್ನ ಮೊಬೈಲನ್ನು ಸ್ಟೀಲಿನ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಗುತ್ತೆವ್ವ ತಲೆಯ ಮೇಲೆ ಸೆರಗು ಹೊದ್ದು ಮುಂದೆ ಕುಳಿತಳು. ಫಾದರ್ ಪರಮಪ್ರಸಾದದ ರೊಟ್ಟಿ ಎತ್ತಿ ಹಿಡಿದ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಹೋಯಿತು. ಫಾದರ್ ಎತ್ತಿದ ಕೈ ಎತ್ತಿದ ಹಾಗೆಯೇ ನಿಂತುಬಿಟ್ಟಿತು. ಗುತ್ತೆವ್ವ ಎದ್ದು ಒಲೆಯ ಹತ್ತಿರ ಹೋಗಿ ಕುಳಿತಳು.

"ಅತ್ತೀ, ಬಂತ ಬಂತ, ಬರ್ರಿ," ಎಂದು ವಿದ್ಯಾಶ್ರೀ ಕರೆದಳು.

"ನೀನ ನೋಡ. ಊಟಾ ಮಾಡೂದನ್ನ ಫೋನಿನ್ಯಾಗ ನೋಡಿದ್ರ ಹೊಟ್ಟಿ ತುಂಬತೇತೇನ?" ಎಂದಳು ಗುತ್ತೆವ್ವ. ಅವಳ ಕಣ್ಣು ತುಂಬಿದ್ದವು.

ಮರುದಿನ ನಸೀರಾ ಬಂದಳು. ನಸೀರಾ ಆ ಊರಿನ ಆಶಾ ಕಾರ್ಯಕರ್ತೆ. ಹುಲಗೂರಿನ ಮಗಳು, ಈ ಊರಿನ ಸೊಸೆ. ಗುತ್ತೆವ್ವನ ಮನೆಯ ಹಿತ್ತಲಿಗೂ ಅವಳ ಮನೆಯ ಹಿತ್ತಲಿಗೂ ನಡುವೆ ಒಂದು ಮುಳ್ಳುಬೇಲಿ ಅಷ್ಟೇ. ವಿದ್ಯಾಶ್ರೀಯ ಹೆರಿಗೆಯ ವೇಳೆಗೆ ದವಾಖಾನೆಗೆ ಜೊತೆಗೆ ಹೋಗಿ ಇಡೀ ರಾತ್ರಿ ಕುಳಿತಿದ್ದವಳು ಅವಳೇ.

"ಯಕ್ಕಾ, ಮನ್ಯಾಗ ಯಾರಿಗರೆ ಜ್ವರ, ಕೆಮ್ಮ ಏನರೆ ಐತೇನ?" ಎಂದು ಅಂಗಳದಲ್ಲೇ ನಿಂತು ಕೇಳಿದಳು.

"ಜ್ವರಾ ಇಲ್ಲ, ಕೆಮ್ಮಾ ಇಲ್ಲ. ಮನಸಿಗಷ್ಟ ಆರಾಮ ಇಲ್ಲ ನೋಡವಾ," ಎಂದಳು ಗುತ್ತೆವ್ವ. "ಹಾನಗಲ್ ಸಂತ್ಯಾಗ ಮುಂಜಾನೆದ್ದು ಮಂದಿ ಹೆಂಗ ಮುಕರ್ತೇತಿ ನೋಡೀಯಿಲ್ಲ? ಅಲ್ಲಿ ಬರಲಾರದ ಜಡ್ಡು ದೇವರ ಮನ್ಯಾಗ ಬರ್ತೇತೇನ?"

"ಸಂತ್ಯಾಗೂ ಬರ್ತೇತಿ. ಅದಕ್ಕ ಅಲ್ಲೀಗೂ ಹೋಗಬ್ಯಾಡ್ರಿ ಅಂತ ಮನಿಮನಿಗೆ ತಿರಗಿ ಹೇಳಾಕತ್ತೇನಿ. ಆದ್ರ ಯಕ್ಕಾ, ಸಂತಿ ಬಯಲಾಗ ಇರ್ತೇತಿ, ಗಾಳಿ ಆಡ್ತೇತಿ. ಮುಚ್ಚಿದ ಕೋಲ್ಯಾಗ ಮಗ್ಗಲಕ್ಕ ಮಗ್ಗಲ ಕುಂತು ತಾಸಗಟ್ಟಲೆ ಹಾಡಿದ್ರ ಒಬ್ಬರ ಉಸಿರು ಇನ್ನೊಬ್ಬರ ಎದಿಗೆ ಹೋಗ್ತೇತಿ. ಅದು ಗುಡಿ ಯಾವ್ದು, ಮಸೂತಿ ಯಾವ್ದು ಅಂತ ಕೇಳಂಗಿಲ್ಲ."

"ದೇವರ ಮ್ಯಾಲ ವಿಶ್ವಾಸ ಬ್ಯಾಡೇನ ಹಂಗಾರ?"

ನಸೀರಾ ಕೈಯಲ್ಲಿದ್ದ ವಹಿಯನ್ನು ಚೀಲಕ್ಕೆ ಹಾಕಿದಳು. "ನಮ್ಮಪ್ಪ ಖಾದರಸಾಬ, ಹುಲಗೂರ ದರ್ಗಾದ ಬಾಜೂಕ ಇರ್ತಾನ. ಬುದ್ಧಿ ಬಂದಾಗಿಂದ ಒಂದ ಈದಿನ ನಮಾಜೂ ತಪ್ಪಿಸಿದಾಂವಲ್ಲ. ಈ ಸಲ ಪಡಸಾಲ್ಯಾಗ ಒಬ್ಬಾಂವ ನಿಂತು ಮಾಡಿದ. ಫೋನ್ ಮಾಡಿ ಅತ್ತ. ಅವಗ ವಿಶ್ವಾಸ ಇಲ್ಲ ಅಂತೀಯೇನ?"

"ನಿಮ್ಮದು ನಿಮಗ, ನಮ್ಮದು ನಮಗ," ಎಂದುಬಿಟ್ಟಳು ಗುತ್ತೆವ್ವ. ನಸೀರಾ ಬೇಜಾರು ಮಾಡಿಕೊಳ್ಳಲಿಲ್ಲ. "ಯಾರಿಗರೆ ಕೆಮ್ಮ ಬಂದ್ರ ಮೊದಲನೇ ದಿನಾನ ನನಗ ಹೇಳ. ಮುಚ್ಚಿಡಬ್ಯಾಡ," ಎಂದು ಹೇಳಿ ಮುಂದಿನ ಮನೆಗೆ ಹೋದಳು.

ಪವಿತ್ರಾತ್ಮರ ಹಬ್ಬದ ರವಿವಾರ ಹತ್ತಿರ ಬಂತು. ಯೇಸುವಿನ ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಒಂದು ಮನೆಯಲ್ಲಿ ಕೂಡಿದ್ದಾಗ ಪವಿತ್ರಾತ್ಮರು ಅವರ ಮೇಲೆ ಇಳಿದು ಬಂದರಲ್ಲ, ಅದೇ ಹಬ್ಬ. ಅದನ್ನು ನೆನೆದಾಗ ಗುತ್ತೆವ್ವನಿಗೆ ದಾರಿ ಸಿಕ್ಕಂತಾಯಿತು.

"ಶಿಷ್ಯರೂ ಬಾಗಲಾ ಹಾಕ್ಕೊಂಡ ಮನ್ಯಾಗ ಕೂಡಿದ್ರು. ನಾವೂ ನಮ್ಮ ಪಡಸಾಲ್ಯಾಗ ಕೂಡೂಣು," ಎಂದು ಗಂಡನಿಗೆ ಹೇಳಿದಳು.

ಚೌಡಪ್ಪ ಬೀಡಿ ಆರಿಸಿ, "ಫಾದರ್ರಿಗೆ ಒಂದ ಮಾತ ಕೇಳ," ಎಂದ.

"ಕೇಳಿದ್ರ ಬ್ಯಾಡ ಅಂತಾರ. ನಮ್ಮ ಓಣಿ ಮಂದಿ ಅಷ್ಟ. ಹೊರಗಿನವ್ರು ಯಾರಿಲ್ಲ."

ಅವನು ಮತ್ತೆ ಬೀಡಿ ಹಚ್ಚಿದ. ಗುತ್ತೆವ್ವ ತಾನೇ ಮನೆಮನೆಗೆ ಹೋಗಿ ಕರೆದು ಬಂದಳು.

ಆ ರವಿವಾರ ಪಡಸಾಲೆ ತುಂಬ ಮಂದಿ ಕೂಡಿದರು. ಹಾಡು ರಸ್ತೆಗೆ ಕೇಳಿಸಬಾರದೆಂದು ಬಾಗಿಲಿಗೆ ಅಗಳಿ ಹಾಕಿದರು, ಕಿಟಕಿ ಮುಚ್ಚಿದರು. ಏಳು ತಿಂಗಳ ಬಸುರಿ ಶೀಲಾಳೂ ಅತ್ತೆಯೊಂದಿಗೆ ಬಂದು ಗೋಡೆಗೆ ಆತು ಕುಳಿತಳು. ಎಲ್ಲರಿಗಿಂತ ಕೊನೆಗೆ ಫಕ್ಕೀರಪ್ಪ ಬಂದ.

ಫಕ್ಕೀರಪ್ಪ ಗುತ್ತೆವ್ವನಿಗೆ ದೊಡ್ಡಪ್ಪನ ಮಗ, ವರಸೆಯಲ್ಲಿ ಅಣ್ಣ, ಇದೇ ಓಣಿಗೆ ಬಂದು ನೆಲೆಸಿದವನು. ದೇವಾಲಯದಲ್ಲಿ ಹಾರ್ಮೋನಿಯಮ್ ನುಡಿಸಿ ಹಾಡುವವನು ಅವನು. ಶಿಗ್ಗಾಂವಿ, ಸವಣೂರಿನ ಕಡೆಯಿಂದಲೂ ಕ್ರೈಸ್ತರ ಮದುವೆಗೆ, ಮಣ್ಣಿಗೆ ಅವನಿಗೆ ಕರೆ ಬರುತ್ತಿತ್ತು. ಅವನು ಹಾಡಿದರೆ ಹೂಳಲು ಬಂದವರ ಅಳು ಸಹ ಒಂದು ಹದಕ್ಕೆ ಬರುತ್ತಿತ್ತು. ಆ ದಿನ ಅವನು ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ಹಿಡಿದು ಎರಡು ಸಲ ಕೆಮ್ಮಿದ.

"ಯಾಕಣ್ಣಾ?" ಎಂದಳು ಗುತ್ತೆವ್ವ.

"ಏನಿಲ್ಲವಾ. ಹೊಟ್ಟಿನ ಧೂಳಾ ಕುಂತೇತಿ ಗಂಟಲಾಗ."

ಗುತ್ತೆವ್ವ ಅವನ ಕಣ್ಣು ನೋಡಿದಳು. ಕೆಂಪಾಗಿದ್ದವು. ಚಹಾದ ಕಪ್ಪು ಕೊಡುವಾಗ ಬೆರಳು ತಾಗಿತು, ಬಿಸಿಯಾಗಿತ್ತು. ಅವಳಿಗೆ ಗೊತ್ತಾಯಿತು. ಗೊತ್ತಾದರೂ, ಅವನಿಲ್ಲದೆ ಹಾಡೆಲ್ಲಿ, ಹಾಡಿಲ್ಲದೆ ಹಬ್ಬವೆಲ್ಲಿ ಎಂದುಕೊಂಡಳು. ತನ್ನ ಗಂಡನ ಮಗ್ಗುಲಲ್ಲೇ ಅವನಿಗೆ ಚಾಪೆ ಹಾಸಿದಳು.

ಪ್ರಾರ್ಥನೆ ಚೆನ್ನಾಗಿಯೇ ಆಯಿತು. ಅದನ್ನು ಇಲ್ಲವೆನ್ನಬಾರದು. ಅಷ್ಟು ದಿನ ಒಬ್ಬರ ಮುಖ ಒಬ್ಬರು ನೋಡದೆ ಇದ್ದವರು ಕೂಡಿ ಹಾಡಿದರು, ಅತ್ತರು, ಸತ್ತವರ ಹೆಸರು ಹೇಳಿ ಬೇಡಿಕೊಂಡರು. ಗುತ್ತೆವ್ವನ ಎದೆಯ ಭಾರ ಇಳಿದಿತ್ತು. ಮಂದಿ ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿನಿಂದ ಮನೆಗೆ ಹೋದರು.

ಕೆಲವೇ ದಿನಗಳಲ್ಲಿ ಚೌಡಪ್ಪ ಹಾಸಿಗೆ ಹಿಡಿದ. ಮೊದಲು ಮೈಕೈ ನೋವು ಎಂದ. ಆಮೇಲೆ ಚಳಿಜ್ವರ. ಗುತ್ತೆವ್ವ ಶುಂಠಿ, ಮೆಣಸಿನ ಕಷಾಯ ಕಾಸಿ ಕುಡಿಸಿದಳು. ಹಣೆಗೆ ತೀರ್ಥ ಹಚ್ಚಿದಳು. ಬೇಲಿಯಾಚೆಯಿಂದ ನಸೀರಾ, "ಯಕ್ಕಾ, ಮಾವಾರು ಕಾಣವಲ್ಲರು?" ಎಂದು ಕೇಳಿದಾಗ, "ಹೊಲಕ್ಕ ಹೋಗ್ಯಾರ," ಎಂದಳು.

ವಿದ್ಯಾಶ್ರೀಗೆ ತಡೆಯಲಾಗಲಿಲ್ಲ. ಅವಳ ಗಂಡ ಲೋಹಿತ ಶಿಗ್ಗಾಂವಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು, ಲಾಕ್‌ಡೌನಿನಲ್ಲಿ ಅಲ್ಲೇ ಸಿಕ್ಕಿಕೊಂಡಿದ್ದ; ಅವರ ಮಗು ವಿದ್ಯಾಶ್ರೀಯ ತವರಿನಲ್ಲಿತ್ತು. "ಅತ್ತೀ, ನಸೀರಕ್ಕಗ ಹೇಳೂಣ್ರಿ. ಮಾವಾರ ಉಸಿರು ಏರಾಕತ್ತೇತಿ."

"ಸುಮ್ನಿರ! ಹೇಳಿದ್ರ ಗಾಡಿ ತರಸ್ತಾಳ. ದವಾಖಾನಿಗೆ ಒಯ್ದವ್ರನ್ನ ಪ್ಲಾಸ್ಟಿಕ್‌ನ್ಯಾಗ ಸುತ್ತಿ ಕೊಡ್ತಾರ. ಮಾರಿ ಸೈತ ತೋರಸಂಗಿಲ್ಲ. ಸಾಯೂದಿದ್ರ ನನ್ನ ಕಣ್ಣ ಮುಂದ ಸಾಯ್ಲಿ," ಎಂದು ಗುತ್ತೆವ್ವ ಗದರಿದಳು. ಹೀಗೆ ಹೇಳಿ ಗೋಡೆಯ ಕಡೆ ಮುಖ ಮಾಡಿ ಅತ್ತಳು.

ಫಕ್ಕೀರಪ್ಪನ ಮನೆಯಲ್ಲೂ ಇದೇ ನಡೆದಿತ್ತು. ಅವನ ಹೆಂಡತಿ ನಾಗವ್ವ ಕೂಡ ಬಾಗಿಲು ಹಾಕಿಕೊಂಡು ಕಷಾಯ ಕಾಸುತ್ತಿದ್ದಳು. ಕೊನೆಗೆ ಅವನು ಉಸಿರು ಸಿಗದೆ ಒದ್ದಾಡತೊಡಗಿದಾಗ ಅವಳೇ ಬೀದಿಗೆ ಬಂದು ಕೂಗಿದಳು. ಗಾಡಿ ಬರುವ ಹೊತ್ತಿಗೆ ಫಕ್ಕೀರಪ್ಪ ಹೋಗಿಬಿಟ್ಟಿದ್ದ.

ಮಧ್ಯಾಹ್ನ ಮಣ್ಣು. ಗುತ್ತೆವ್ವ ಮಾಳಿಗೆ ಹತ್ತಿ ನಿಂತಳು. ಅಲ್ಲಿಂದ ಸಮಾಧಿ ಭೂಮಿ ಕಾಣುತ್ತದೆ. ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟ ನಾಲ್ಕು ಮಂದಿ ಪೆಟ್ಟಿಗೆ ಇಳಿಸಿದರು. ಹಾಗೆಯೇ ತೊಟ್ಟ ಇನ್ನೊಬ್ಬರು ದೂರ ನಿಂತು ಕೈಯೆತ್ತಿ ಶಿಲುಬೆಯ ಗುರುತು ಮಾಡಿದರು. ಫಾದರ್ ಅವರೇ ಎಂದು ಆ ಕೈಯಿಂದ ಗುರುತು ಸಿಕ್ಕಿತು. ನಾಗವ್ವನನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. ಹಾಡಲಿಲ್ಲ ಯಾರೂ. ಊರಿನಲ್ಲಿ ಎಷ್ಟೋ ಮಂದಿಯನ್ನು ಹಾಡಿ ಕಳಿಸಿಕೊಟ್ಟ ಮನುಷ್ಯ, ಸಲಿಕೆಯ ಸಪ್ಪಳದಲ್ಲಿ ಮಣ್ಣಾದ.

ಗುತ್ತೆವ್ವ ಕೆಳಗಿಳಿದು ಬಂದಳು. ಚೌಡಪ್ಪ ಕುಳಿತೇ ಉಸಿರಾಡುತ್ತಿದ್ದ, ತುಟಿ ಕಪ್ಪಿಟ್ಟಿದ್ದವು. ಅವನು ಏನೋ ಹೇಳಲು ಹೋದ, ಅರ್ಧ ಮಾತಿಗೇ ಉಸಿರು ಸಾಲಲಿಲ್ಲ. ಅವಳು ಒಂದು ಗಳಿಗೆ ಅವನನ್ನು ನೋಡಿದಳು. ಆಮೇಲೆ ಹಿತ್ತಲಿಗೆ ಓಡಿ, ಬೇಲಿಗೆ ಹತ್ತಿರ ಹೋಗದೆ ಬಾವಿಯ ಬಳಿಯೇ ನಿಂತು ಕೂಗಿದಳು.

"ನಸೀರಾ! ಏ ನಸೀರಾ! ನಿನಗ ನಾ ಸುಳ್ಳ ಹೇಳೇನಿ. ಇವ್ರು ಹೊಲಕ್ಕ ಹೋಗಿಲ್ಲ. ಜ್ವರ ಬಂದು ಬಾಳ ದಿನಾ ಆತು. ಬಾರವಾ, ಇವ್ರ ಉಸಿರು ನಿಂದ್ರಾಕತ್ತೇತಿ."

ನಸೀರಾ ಯಾಕೆ ಮುಚ್ಚಿಟ್ಟೆ ಎಂದು ಕೇಳಲಿಲ್ಲ. ಮಾಸ್ಕು, ಕೈಗವಸು ಹಾಕಿಕೊಂಡು ಬಂದಳು. ಚೌಡಪ್ಪನ ಬೆರಳಿಗೆ ಉಸಿರು ಅಳೆಯುವ ಸಣ್ಣ ಯಂತ್ರ ಸಿಕ್ಕಿಸಿದಳು. ಅದರಲ್ಲಿ ಕಂಡ ಅಂಕಿ ನೋಡಿ ಅವಳ ಮುಖ ಗಂಭೀರವಾಯಿತು. "ತೊಂಬತ್ತಕ್ಕಿಂತ ಬಾಳ ಕೆಳಗ ಐತಿ ಯಕ್ಕಾ. ಈಗಿಂದೀಗ ಗ್ಯಾಸ್ ಹಚ್ಚಬೇಕು," ಎಂದು ಅಲ್ಲಿಂದಲೇ ಗಾಡಿಗೆ ಫೋನ್ ಮಾಡಿದಳು. ದವಾಖಾನೆಯಲ್ಲಿ ಕೊಡುವ ಆಮ್ಲಜನಕಕ್ಕೆ ಆಗ ಎಲ್ಲರೂ ಗ್ಯಾಸ್ ಎಂದೇ ಅನ್ನುತ್ತಿದ್ದರು.

ಗಾಡಿ ಬಂತು. ಓಣಿಯ ಮಂದಿಯೆಲ್ಲ ಬಾಗಿಲ ಸಂದಿಯಿಂದ ನೋಡಿದರು. ಚೌಡಪ್ಪನನ್ನು ಹಾನಗಲ್ಲಿನ ದವಾಖಾನೆಗೆ ಒಯ್ದರು. ಅತ್ತೆ, ಸೊಸೆ ಇಬ್ಬರ ಮೂಗಿನ ಪರೀಕ್ಷೆಯೂ ಆಯಿತು. ಇಬ್ಬರಿಗೂ ಜಡ್ಡು ಅಂಟಿರಲಿಲ್ಲ. ಅದರಲ್ಲಿ ಪವಾಡವೇನೂ ಇಲ್ಲ, ಆ ಜಡ್ಡು ಎಲ್ಲರಿಗೂ ಒಂದೇ ತೆರನಾಗಿ ಹತ್ತುತ್ತಿರಲಿಲ್ಲ. ಆದರೂ ಮನೆಬಿಟ್ಟು ಹೊರಡಬಾರದೆಂದು ನಸೀರಾ ಹೇಳಿದಳು.

ಸಂಜೆ ಫಾದರ್ ಫೋನ್ ಮಾಡಿದರು. ಗುತ್ತೆವ್ವ ಫೋನು ಹಿಡಿದವಳೇ ಬಿಕ್ಕಿದಳು.

"ಫಾದರ್ರ, ನನ್ನ ಪಾಪಾ ಕೇಳ್ರಿ. ಅಣ್ಣನ ಕೈ ಬಿಸಿ ಇತ್ತು. ನನಗ ಗೊತ್ತಿತ್ತು. ಆದ್ರೂ ಕುಂದ್ರಸಿ ಹಾಡಸಿದ್ನಿ. ನಾನ ಕೊಂದೆ ಅವನ್ನ."

"ಫೋನಿನ್ಯಾಗ ಪಾಪನಿವೇದನೆ ಆಗಂಗಿಲ್ಲವ್ವಾ. ಬಾಗಲಾ ತೆಗದ ದಿನಾ ಬಾ, ಕುಂತು ಕೇಳ್ತೇನಿ. ಆದ್ರ ಈಗ ಮಾಡೂ ಕೆಲಸ ಒಂದೈತಿ, ಅದಕ್ಕ ತಡಾ ಮಾಡಾಕ ಬರಂಗಿಲ್ಲ. ಅವತ್ತ ನಿಮ್ಮನ್ಯಾಗ ಯಾರ್ಯಾರು ಕೂಡಿದ್ರು?"

ಗುತ್ತೆವ್ವ ಹೆಸರು ಹೇಳಿದಳು. ಶೀಲಾಳ ಹೆಸರನ್ನು ಕೊನೆಗೆ ಹೇಳಿದಳು.

"ಅವ್ರೆಲ್ಲಾರೂ ನೀ ಕರದಿದ್ದಕ್ಕ ಬಂದವ್ರು. ಈಗೂ ನಿನ್ನ ಮಾತ ಕೇಳ್ತಾರ. ಒಬ್ಬೊಬ್ಬರಿಗೂ ಫೋನ್ ಮಾಡು. ಇದ್ದದ್ದ ಇದ್ದಂಗ ಹೇಳು. ಪರೀಕ್ಷಾ ಮಾಡಿಸ್ಕೋರಿ ಅನ್ನು. ಸರಕಾರ ಹೇಳಿದ್ರ ಹೆದರ್ತಾರ. ನೀ ಹೇಳಿದ್ರ ಬಾಗಲಾ ತೆಗಿತಾರ."

ವಿದ್ಯಾಶ್ರೀ ನಂಬರು ಹಚ್ಚಿ ಕೊಡುತ್ತ ಹೋದಳು. ಗುತ್ತೆವ್ವ ಒಂದೊಂದೇ ಮನೆಗೆ ಮಾತಾಡಿದಳು. ಕೆಲವರು ಬೈದರು. ಒಬ್ಬರು ಮಾತು ಮುಗಿಯುವ ಮೊದಲೇ ಫೋನಿಟ್ಟರು. ಅವರಿಗೆ ಮತ್ತೆ ಹಚ್ಚಿಸಿದಳು.

ಶೀಲಾಳ ಅತ್ತೆ ಒಪ್ಪಲೇ ಇಲ್ಲ. "ನಮ್ಮ ಹುಡಿಗಿಗೆ ಕೆಮ್ಮಿಲ್ಲ, ಜ್ವರಾ ಇಲ್ಲ. ಬಸರ ಹೆಂಗಸನ್ನ ದವಾಖಾನಿಗೆ ಯಾಕ ಕಳಸೂನು? ಅಲ್ಲೇ ಹತ್ತೂದು ಜಡ್ಡು."

"ನಾನೂ ಹಿಂಗ ಅಂದಿದ್ನಿ," ಎಂದಳು ಗುತ್ತೆವ್ವ. "ಹಂಗಂದು ಇವ್ರನ್ನ ಹಾಸಿಗ್ಯಾಗ ಮುಚ್ಚಿಟ್ನಿ. ಈಗ ಗ್ಯಾಸಿನ ಮ್ಯಾಲ ಅದಾರ, ಉಳಿತಾರೋ ಇಲ್ಲೋ ಗೊತ್ತಿಲ್ಲ. ಅಣ್ಣ ಮಣ್ಣಾಗ ಹ್ವಾದ. ನಾ ಕೈ ಮುಗಿತೇನಿ, ಆ ಹುಡಿಗೀನ ಕಳಸು. ನನ್ನ ಮ್ಯಾಲ ಸಿಟ್ಟ ಇದ್ರ ಇರ್ಲಿ."

ಕೊನೆಗೆ, "ನಸೀರಾನ ಕಳಸು," ಎಂಬ ಮಾತು ಬಂತು.

ನಾಗವ್ವನ ಮನೆಯೊಂದು ಉಳಿದಿತ್ತು. ಗುತ್ತೆವ್ವ ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಫೋನು ಹಚ್ಚಿದಾಗ ನಾಗವ್ವ "ಹೂಂ" ಎಂದಳು ಅಷ್ಟೇ. ಗುತ್ತೆವ್ವ ಎಲ್ಲವನ್ನೂ ಹೇಳಿದಳು, ಬಿಸಿ ಕೈಯ ಮಾತನ್ನೂ ಬಿಡಲಿಲ್ಲ.

"ಹಿಂದಿನ ದಿನಾನ ಜ್ವರ ಬಂದಿತ್ತು ಅವ್ರಿಗೆ," ಎಂದಳು ನಾಗವ್ವ. ಅಳು ಒಣಗಿದ ದನಿ. "ಹೋಗಬ್ಯಾಡ್ರಿ ಅಂದ್ನಿ. ಗುತ್ತೆವ್ವ ಮನಿತನಕಾ ಬಂದ ಕರದ ಹೋಗ್ಯಾಳ, ತಂಗಿ ಮಾತ ಹೆಂಗ ಮುರೀಲಿ ಅಂದ್ರು."

ಗುತ್ತೆವ್ವ ಫೋನು ಹಿಡಿದೇ ಗೋಡೆಗೆ ಒರಗಿ ಕುಳಿತಳು.

"ಪರೀಕ್ಷಾ ಮಾಡಿಸ್ಕೋತೇನಿ. ಇನ್ನ ಫೋನ್ ಮಾಡಬ್ಯಾಡ," ಎಂದು ನಾಗವ್ವ ಇಟ್ಟುಬಿಟ್ಟಳು.

ಮರುದಿನದಿಂದ ನಸೀರಾ ಓಣಿಯಲ್ಲಿ ಮನೆಮನೆಗೂ ಹೋದಳು. ಆ ದಿನ ಪಡಸಾಲೆಯಲ್ಲಿ ಕೂಡಿದವರಲ್ಲಿ ಅರ್ಧಕ್ಕರ್ಧ ಮಂದಿಗೆ ಜಡ್ಡು ಅಂಟಿತ್ತು. ನಾಗವ್ವನಿಗೂ ಇತ್ತು. ಶೀಲಾಳಿಗೂ ಇತ್ತು, ಅವಳಿಗೆ ಹೊರಗೆ ಒಂದು ಲಕ್ಷಣವೂ ಕಂಡಿರಲಿಲ್ಲ. ಆಮೇಲೆ ಎರಡೇ ದಿನಕ್ಕೆ ಅವಳಿಗೆ ಉಬ್ಬಸ ಶುರುವಾಯಿತು. ಮೊದಲೇ ಗೊತ್ತಿದ್ದರಿಂದ ತಡವಾಗದೆ ದವಾಖಾನೆ ಸೇರಿದಳು. ಓಣಿಯವರಿಗೆ ಗುಳಿಗೆ ಕೊಟ್ಟು, ಬೇರೆ ಕೋಣೆಯಲ್ಲಿ ಇರಿಸಿ, ದಿನಾಲೂ ಬೆರಳಿಗೆ ಯಂತ್ರ ಹಚ್ಚಿ ನೋಡಿದರು. ಬೇರೆ ಓಣಿಯ ಮಂದಿ ಬಾಗಿಲ ಮುಂದೆ ಹಾಲು, ಜೋಳದ ಹಿಟ್ಟು ಇಟ್ಟು ಹೋದರು. ಓಣಿಯವರು ಹೆದರಿದ್ದಂತೆ ಯಾರೂ ಅವರನ್ನು ಊರ ಹೊರಗೆ ಹಾಕಲಿಲ್ಲ. ಒಬ್ಬಿಬ್ಬರು ಕೊಂಕು ಆಡಿದರು, ಇಲ್ಲವೆನ್ನುವುದಿಲ್ಲ. ನಸೀರಾಳ ಗಂಡ ಇಸ್ಮಾಯಿಲಸಾಬ ಚಹಾದಂಗಡಿಯಲ್ಲಿ ಅವರ ಬಾಯಿ ಮುಚ್ಚಿಸಿದ. "ಜಡ್ಡು ನಾಳೆ ನಿನ್ನ ಮನಿ ಬಾಗಲಾ ಬಡದ್ರ ಯಾರನ್ನ ಕರೀತೀ?" ಎಂದು ಕೇಳಿದನಂತೆ.

ಆ ಓಣಿಯಲ್ಲಿ ಫಕ್ಕೀರಪ್ಪನ ನಂತರ ಯಾರೂ ಸಾಯಲಿಲ್ಲ.

ಚೌಡಪ್ಪ ಮನೆಗೆ ಬಂದಾಗ ಗುರುತು ಸಿಗದಷ್ಟು ಇಳಿದಿದ್ದ. ಕೈಯಲ್ಲಿ ಇಟ್ಟಿಗೆ ಎತ್ತುವ ಬಲ ಬರಲು ಮಳೆಗಾಲ ಪೂರ್ತಿ ಬೇಕಾಯಿತು. ಗುತ್ತೆವ್ವ ಅವನ ಕಾಲು ಒತ್ತುತ್ತ, "ದವಾಖಾನ್ಯಾಗ ಹೆಂಗ ನೋಡ್ಕೊಂಡ್ರು?" ಎಂದು ಕೇಳಿದಳು.

"ಒಬ್ಬಾಕಿ ನರ್ಸು ಬಾಯಿಗೆ ಗಂಜಿ ಹಾಕ್ತಿದ್ಲು. ಮಾರಿ ಕಾಣ್ತಿರ್ಲಿಲ್ಲ, ಎಲ್ಲಾ ಮುಚ್ಕೊಂಡಿದ್ಲು. ಯಾರ ಮಗಳೋ ಏನೋ," ಎಂದು ಚೌಡಪ್ಪ ಕಣ್ಣೊರೆಸಿಕೊಂಡ.

ಸ್ವಲ್ಪ ದಿನಕ್ಕೆ ದೇವಾಲಯದ ಕೀಲಿ ತೆಗೆದರು. ಪೂಜೆಗಲ್ಲ, ಲಸಿಕೆಗೆ. ಊರಿನ ಶಾಲೆ ಸೋರುತ್ತಿತ್ತು, ಅದಕ್ಕೆ ಫಾದರ್ ದೇವಾಲಯದ ಪಡಸಾಲೆ ಬಿಟ್ಟುಕೊಟ್ಟರು. ಮೇಜು ಹಾಕಿ ನರ್ಸಮ್ಮ ಕುಳಿತರು. ಬಹಳ ಹೊತ್ತಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಸೂಜಿ ಚುಚ್ಚಿಸಿಕೊಂಡವರು ಎರಡು ವರ್ಷಕ್ಕೆ ಸಾಯುತ್ತಾರೆಂದು ಯಾರದೋ ಫೋನಿನಲ್ಲಿ ಬಂದಿತ್ತು. ಅದು ಊರೆಲ್ಲ ಹಬ್ಬಿತ್ತು.

ಗುತ್ತೆವ್ವ ಗಂಡನಿಗೆ ಮಜ್ಜಿಗೆ ಕೊಟ್ಟು, ತಲೆ ಬಾಚಿಕೊಂಡು ಹೋದಳು.

"ನಮ್ಮವ್ರಿಗೂ ಹಾಕ್ತೀರೇನ್ರಿ?" ಎಂದು ನರ್ಸಮ್ಮನನ್ನು ಕೇಳಿದಳು.

"ಅವ್ರಿಗೆ ಜಡ್ಡು ಬಂದ ಹೋಗೇತಿ, ಮೂರು ತಿಂಗಳಾ ಬಿಟ್ಟು ಬರ್ಲಿ. ನೀವ ಕುಂದರ್ರಿ," ಎಂದರು ನರ್ಸಮ್ಮ.

ಓಣಿಯ ಹೆಣ್ಣುಮಕ್ಕಳು ದೂರದಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದರು. ಗುತ್ತೆವ್ವ ಕುಪ್ಪಸದ ತೋಳು ಏರಿಸುತ್ತ ಅವರಿಗೆ ಕೇಳುವಂತೆ ಹೇಳಿದಳು: "ನೋಡ್ರವಾ, ಅವತ್ತ ನನ್ನ ಮಾತ ಕೇಳಿ ಬಂದು ನೀವೆಲ್ಲಾ ತ್ರಾಸ ಪಟ್ರಿ. ಅದಕ್ಕ ಇವತ್ತ ಮೊದಲ ನಾ ಚುಚ್ಚಿಸ್ಕೊತೇನಿ. ಸಂಜಿತನಕಾ ಇಲ್ಲೇ ಕಟ್ಟಿ ಮ್ಯಾಲ ಕುಂತಿರ್ತೇನಿ, ನೋಡ್ಕೋತ ಇರ್ರಿ."

ಅವಳು ಹಾಗೆಯೇ ಕುಳಿತಳು. ಮೊದಲು ವಿದ್ಯಾಶ್ರೀ ಬಂದಳು, ಆಮೇಲೆ ಶೀಲಾಳ ಅತ್ತೆ ಬಂದಳು. ಸಂಜೆಯ ಹೊತ್ತಿಗೆ ತಂದ ಲಸಿಕೆ ಖಾಲಿಯಾಗಿತ್ತು.

ಕೊನೆಗೊಂದು ರವಿವಾರ ಪೂಜೆಗೆ ಅಪ್ಪಣೆ ಸಿಕ್ಕಿತು. ಕಿಟಕಿಗಳನ್ನೆಲ್ಲ ತೆರೆದಿಡಬೇಕು, ಮಾಸ್ಕು ಹಾಕಬೇಕು, ದೂರ ದೂರ ಕೂರಬೇಕು, ಹೆಚ್ಚಾದವರು ಹೊರಗೆ ಬೇವಿನ ಮರದ ಕೆಳಗೆ ಕೂರಬೇಕು ಎಂದು ಫಾದರ್ ಹೇಳಿದ್ದರು. ಮೊದಲ ಪೂಜೆ ಫಕ್ಕೀರಪ್ಪನ ಆತ್ಮಶಾಂತಿಗೆ. ಶನಿವಾರ ಗುತ್ತೆವ್ವ ಮಧ್ಯಾಹ್ನದವರೆಗೂ ನೆಲ ತಿಕ್ಕಿದಳು. ಮಳೆಯಲ್ಲಿ ನೆನೆದುಕೊಂಡೇ ದಾಸವಾಳ ತಂದಿಟ್ಟಳು. ಫಾದರ್ ಹತ್ತಿರ ಕುಳಿತು ಹೇಳಿಕೊಳ್ಳಬೇಕಾದ ಮಾತನ್ನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದಳೋ.

ರವಿವಾರ ಬೆಳಿಗ್ಗೆ ಎದ್ದಾಗ ಮೈ ಬೆಚ್ಚಗಿತ್ತು. ಮೂಗು ಕಟ್ಟಿತ್ತು, ಗಂಟಲು ಕೆರೆಯುತ್ತಿತ್ತು.

ಚೌಡಪ್ಪ ಮುಟ್ಟಿ ನೋಡಿದ. "ಇದು ಮಳಿ ಜ್ವರ ಲೇ. ಲಸಿಕೀನೂ ಆಗೇತಿ. ಮಾಸ್ಕ ಹಾಕ್ಕೊಂಡ ಹಿಂದ ಕುಂತ್ರಾತು. ಇಷ್ಟ ದಿನಾ ಕಾದಿದ್ದು ಇದಕ್ಕಲ್ಲೇನ? ಅಣ್ಣನ ಪೂಜಿ ಬ್ಯಾರೆ ಐತಿ."

ಗುತ್ತೆವ್ವ ಉಟ್ಟಿದ್ದ ಹೊಸ ಸೀರೆಯ ಸೆರಗು ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತಳು. ಓಣಿಯ ಮಂದಿ ಅವಳ ಮನೆಯ ಮುಂದೆಯೇ ಹಾದು ಹೋಗುತ್ತಿದ್ದರು. ಹಸಿಗೂಸನ್ನು ಎತ್ತಿಕೊಂಡು ಶೀಲಾ ಹೋದಳು. ಆ ಕೂಸನ್ನು ನೋಡುತ್ತಲೇ ಗುತ್ತೆವ್ವ ಎದ್ದು ಒಳಗೆ ಹೋದಳು.

"ಮಳಿ ಜ್ವರ ಇರಬೇಕು. ಅಲ್ಲ ಅಂದ್ರ?" ಎಂದಳು. "ನಾ ಹೋಗಂಗಿಲ್ಲ. ನೀವೂ ಬ್ಯಾಡ, ವಿದ್ಯಾನೂ ಬ್ಯಾಡ. ನಸೀರಾಗ ಫೋನ್ ಹಚ್ಚರಿ."

ಆ ಜ್ವರ ಬರೀ ನೆಗಡಿಯದೇ ಆಗಿತ್ತು. ಅದು ಆಮೇಲೆ ಪರೀಕ್ಷೆಯಲ್ಲಿ ತಿಳಿಯಿತು. ಆದರೆ ಆ ಬೆಳಿಗ್ಗೆ ಅದು ಯಾರಿಗೂ ಗೊತ್ತಿರಲಿಲ್ಲ.

ಪೂಜೆ ಮುಗಿದ ಮೇಲೆ ನಾಗವ್ವ ಆ ಮನೆಯ ಮುಂದೆ ಬಂದು ನಿಂತಳು. ಮಣ್ಣಾದ ದಿನದಿಂದ ಅವಳು ಆ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಅವಳ ಕಣ್ಣು ಅತ್ತು ಕೆಂಪಾಗಿದ್ದವು.

"ಅವ್ರ ಪೂಜಿಗೆ ನೀ ಯಾಕ ಬರಲಿಲ್ಲ?" ಎಂದಳು.

ಗುತ್ತೆವ್ವ ಒಳಗಿನಿಂದಲೇ, ಮಾಸ್ಕು ಹಾಕಿಕೊಂಡು, "ಜ್ವರ ಬಂದಾವ," ಎಂದಳು.

ನಾಗವ್ವ ಅವಳನ್ನೇ ನೋಡುತ್ತ ನಿಂತಳು. ಆಮೇಲೆ, "ಮನಿಗೆ ಹೋಗಿ ಗಂಜಿ ಕಾಸ್ಕೊಂಡ ಬರ್ತೇನಿ," ಎಂದಳು. "ಕಟ್ಟಿ ಮ್ಯಾಲ ಇಟ್ಟ ಹೋಗ್ತೇನಿ. ನಾ ಹ್ವಾದ ಮ್ಯಾಲ ತೊಗೋ."

ಗುತ್ತೆವ್ವ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ಅತ್ತಳು.

ಓದುವ ಅಕ್ಕ, ಅಣ್ಣ, ತಾಯಂದಿರೇ, ಆ ಹೊತ್ತು ಕಳೆದಿದೆ. ನಮ್ಮ ದೇವಾಲಯಗಳ ಬಾಗಿಲು ತೆರೆದಿವೆ, ರವಿವಾರ ಮಂದಿ ಕೂಡುತ್ತಾರೆ, ಹಾಡುತ್ತಾರೆ. ಗುಡಿಗೆ ಹೋಗುವವರಿರಲಿ, ಮಸೂತಿಗೆ ಹೋಗುವವರಿರಲಿ, ಎಲ್ಲರಿಗೂ ಇದೇ ಮಾತು. ಬೇರೆ ಹೆಸರಿನ ಜಡ್ಡು ನಾಳೆ ಬರಬಹುದು. ಆಗ ನಿಮ್ಮ ಮನೆಯಲ್ಲಿ ಯಾರಿಗಾದರೂ ಜ್ವರವೋ ಕೆಮ್ಮೋ ಬಂದರೆ ಮುಚ್ಚಿಡಬೇಡಿ. ಮೊದಲ ದಿನವೇ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ. ಉಸಿರು ಏರಿದರೆ ಮನೆಮದ್ದು ಮಾಡುತ್ತ ಕೂರದೆ ದವಾಖಾನೆಗೆ ಹೋಗಿ. ಲಸಿಕೆ ಬಂದರೆ ಸುಳ್ಳು ಸುದ್ದಿಗೆ ಕಿವಿಗೊಡದೆ ಹಾಕಿಸಿಕೊಳ್ಳಿ. ಮೈಯಲ್ಲಿ ಆರಾಮವಿಲ್ಲದ ದಿನ ಪ್ರಾರ್ಥನೆಗೆ ಹೋಗದಿದ್ದರೆ ದೇವರು ಮುನಿಯುವುದಿಲ್ಲ. ನಿಮ್ಮ ಮಗ್ಗುಲಲ್ಲಿ ಕೂರುವ ಮುದುಕನನ್ನು, ಬಸುರಿಯನ್ನು, ಕೂಸನ್ನು ನೆನೆದು ನೀವು ಮನೆಯಲ್ಲೇ ಉಳಿದರೆ, ಆ ದಿನದ ನಿಮ್ಮ ಪೂಜೆ ಅದೇ.